ಕೆಂಪು ಹಲಗೆಯ ಕನ್ನಪ್ಪ

ಕನ್ನಪ್ಪ ಪೊಲೀಸ್ ಕೆಲಸಕ್ಕೆ ಸೇರಿದ್ದು ದೇಶಸೇವೆ ಮಾಡಲಿಕ್ಕಲ್ಲ. ಇದನ್ನು ಬೇರೆಯವರು ಹೇಳಬೇಕಾಗಿರಲಿಲ್ಲ, ಎದುರು ಸಿಕ್ಕವರಿಗೆಲ್ಲ ಅವನೇ ಹೇಳುತ್ತಿದ್ದ. ಅವನು ನೇಗಿಲು ಹಿಡಿದರೆ ಸಾಲು ಹಾವು ಹರಿದ ಹಾಗೆ ಹೋಗುತ್ತಿತ್ತು. ಎತ್ತುಗಳೇ ನಿಂತು, ಹಿಂದೆ ಯಾರಪ್ಪಾ ಇವನು ಎಂದು ತಿರುಗಿ ನೋಡುತ್ತಿದ್ದವು. "ಇವನ ಕೈಗೆ ನೇಗಿಲು ಕೊಟ್ರೆ ಭೂಮ್ತಾಯಿ ನಗ್ತಾಳೆ" ಎಂದು ಅಪ್ಪ ಭೂತಪ್ಪ ಮಗನನ್ನು ಶಾಲೆಗೆ ಅಟ್ಟಿದ. ಶಾಲೆಯವರೂ ಹೆಚ್ಚು ದಿನ ಇಟ್ಟುಕೊಳ್ಳಲಿಲ್ಲ. ಕೊನೆಗೆ ಶಿವಮೊಗ್ಗದಲ್ಲಿ ಪೊಲೀಸಿಗೆ ಆಳು ತೆಗೆದುಕೊಳ್ಳುತ್ತಾರೆಂದು ಕೇಳಿ ಹೋಗಿ ಸಾಲಿನಲ್ಲಿ ನಿಂತ. ಅಳತೆ ತೆಗೆಯುತ್ತಿದ್ದ ಜಮಾದಾರ ಇವನ ತೋಳುಗಳನ್ನು ಎರಡೆರಡು ಸಲ ಅಳೆದು, "ಇದೇನಯ್ಯಾ, ಅಣ್ಣನ ಕೈನೂ ಸೇರಿಸ್ಕೊಂಡು ಬಂದಿದೀಯಾ?" ಎಂದನಂತೆ.

"ಕೈ ಉದ್ದ ಇದ್ದೋರು ಪೊಲೀಸ್ನಲ್ಲಿ ಬೇಗ ಮುಂದೆ ಬರ್ತಾರೆ ಅಂತ ಕೇಳಿದ್ದೆ" ಎಂದು ಕನ್ನಪ್ಪ ನಗುತ್ತಿದ್ದ. "ನನ್ನ ಕೈನ ಮಾತ್ರ ಬಿಸಿಲಲ್ಲಿ ಚಾಚಿ ನಿಲ್ಸಿದ್ರು ಮಾರಾಯ್ರೆ. ದಾರಿ ತೋರ್ಸೋ ಕೈಮರಕ್ಕೂ ನನಗೂ ಒಂದೇ ವ್ಯತ್ಯಾಸ. ಅದಕ್ಕೆ ಸಂಬಳ ಇಲ್ಲ."

ಅವನನ್ನು ನಿಲ್ಲಿಸಿದ್ದು ಸಾಗರದ ಪೇಟೆಯಲ್ಲಿ, ನಾಲ್ಕು ರಸ್ತೆ ಕೂಡುವ ಕಡೆ. ಆಗ ಶರಾವತಿಗೆ ಅಣೆಕಟ್ಟು ಕಟ್ಟುವ ಕೆಲಸ ಜೋರಾಗಿತ್ತು. ಅಲ್ಲಿಯವರೆಗೆ ದಿನಕ್ಕೆ ನಾಲ್ಕು ಬಸ್ಸು, ಹತ್ತು ಎತ್ತಿನ ಗಾಡಿ ಕಂಡಿದ್ದ ರಸ್ತೆಯಲ್ಲಿ ಲಾರಿಗಳು ಒಂದರ ಬಾಲ ಒಂದು ಹಿಡಿದು ಓಡತೊಡಗಿದವು. ಊರಿನ ಜನ ಮಾತ್ರ ಹಿಂದಿನ ಹಾಗೇ ನಡೆಯುತ್ತಿದ್ದರು. ನಡುರಸ್ತೆಯಲ್ಲಿ ಬೀಗರು ಸಿಕ್ಕರೆ ನಡುರಸ್ತೆಯಲ್ಲೇ ನಿಂತು, ಹೆತ್ತ ಎಮ್ಮೆಯಿಂದ ಹಿಡಿದು ಹೆರಬೇಕಾದ ಮಗಳವರೆಗೆ ಎಲ್ಲ ವಿಚಾರಿಸಿಕೊಂಡೇ ಮುಂದಕ್ಕೆ ಹೋಗುವುದು. ಒಂದು ಸಂತೆಯ ದಿನ ಚಾಪೆ ಮಾರುವ ಪುಟ್ಟಪ್ಪನ ಪಾದದ ಮೇಲೆ ಯಾವುದೋ ಲಾರಿಯ ಚಕ್ರ ಹತ್ತಿತು. ಆಮೇಲೆ ಪುಟ್ಟಪ್ಪ ಕೋಲು ಊರಿಕೊಂಡು ಸಂತೆಗೆ ಬರುವಂತಾಯಿತು.

ಠಾಣೆಯ ಸಬ್ ಇನ್ಸ್‌ಪೆಕ್ಟರ್ ಹೂವಯ್ಯನವರು ತೀರ್ಥಹಳ್ಳಿ ಕಡೆಯವರು. ಮೈಸೂರಿನಲ್ಲಿ ಒಂದಷ್ಟು ವರ್ಷ ಇದ್ದು, ಅಲ್ಲಿ ಜನ ಹೇಗೆ ಶಿಸ್ತಾಗಿ ರಸ್ತೆ ದಾಟುತ್ತಾರೆಂದು ನೋಡಿ ಬಂದವರು. ಅವರು ಆಚಾರಿಯನ್ನು ಕರೆಸಿ ಒಂದು ಸಿಗ್ನಲ್ಲು ಮಾಡಿಸಿದರು. ಮುರಿದುಹೋಗಿದ್ದ ಒಂದು ಬಾಗಿಲನ್ನು ಸೀಳಿ ನಾಲ್ಕು ಹಲಗೆ ತೆಗೆದು, ನಾಲ್ಕು ದಿಕ್ಕಿಗೆ ಮುಖ ಮಾಡುವಂತೆ ಕಂಬದ ತುದಿಗೆ ಹೊಡೆದದ್ದಾಯಿತು. ಎದುರುಬದುರಿನ ಎರಡಕ್ಕೆ ಕೆಂಪು ಬಣ್ಣ, ಉಳಿದೆರಡಕ್ಕೆ ಹಸಿರು. ಕಂಬದ ಸೊಂಟಕ್ಕೆ ಒಂದು ಹಿಡಿ. ಹಿಡಿಯನ್ನು ಕಾಲು ಸುತ್ತು ತಿರುಗಿಸಿದರೆ ಜೋಗದ ರಸ್ತೆಗೆ ಕೆಂಪು, ಸಂತೆಯ ರಸ್ತೆಗೆ ಹಸಿರು. ಇನ್ನೊಂದು ಕಾಲು ಸುತ್ತಿಗೆ ಅದರ ಉಲ್ಟಾ. ಆಚಾರಿ ಬುಡಕ್ಕೆ ಹರಳೆಣ್ಣೆಯನ್ನು ಧಾರಾಳವಾಗಿ ಸುರಿದಿದ್ದರಿಂದ ಕಂಬ ಬೆಣ್ಣೆಯಲ್ಲಿ ನಿಂತ ಹಾಗೆ ತಿರುಗುತ್ತಿತ್ತು. ಹಿಡಿ ಬಿಟ್ಟರೆ ಮುಗಿಯಿತು, ಅದು ತನಗೆ ಬೇಕಾದ ಕಡೆ ಮುಖ ಮಾಡುತ್ತಿತ್ತು. ಆದ್ದರಿಂದ ಒಬ್ಬ ಹಿಡಿದುಕೊಂಡೇ ನಿಲ್ಲಬೇಕು. ಯಾರು? ಇನ್ಯಾರು, ಉದ್ದ ಕೈಯವನು.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಸಿದನಂತೆ. ಕನ್ನಪ್ಪ ಆ ಗಾದೆಗೆ ತನ್ನನ್ನೇ ಉದಾಹರಣೆ ಕೊಡುತ್ತಿದ್ದ. ಮೊದಲ ದಿನ ಖಾಕಿ ಚಡ್ಡಿಗೆ ಗಂಜಿ ಹಾಕಿಸಿ, ಕಾಲಿಗೆ ಪಟ್ಟಿ ಸುತ್ತಿ, ಬಾಯಲ್ಲಿ ಸೀಟಿ ಕಚ್ಚಿಕೊಂಡು, ಡಾಂಬರಿನ ಡ್ರಮ್ಮನ್ನು ಬೋರಲು ಹಾಕಿದ ಪೀಠದ ಮೇಲೆ ಹತ್ತಿ ನಿಂತ. ಹಿಡಿ ತಿರುಗಿಸಿದ. ಕೆಂಪು ಕಂಡದ್ದೇ ತಡ, ಎಂಟು ಟನ್ನಿನ ಲಾರಿ ಬುಸ್ ಎಂದು ನಿಂತಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಮಾತು ಕೇಳದ ಎತ್ತುಗಳ ಹಿಂದೆ ಬೆಳೆದವನಿಗೆ ಇದಕ್ಕಿಂತ ಏನು ಬೇಕು? ತಾನೇನೋ ದೊಡ್ಡ ಅಧಿಕಾರಿ ಎಂದು ಅವನ ಎದೆ ಉಬ್ಬಿ ಅಂಗಿಯ ಗುಂಡಿ ಒಂದು ಹಾರಿತು.

ಲಾರಿ ನಿಂತದ್ದೇನೋ ಸರಿ. ಆದರೆ ಜನ ದಾಟಲಿಲ್ಲ.

ರಸ್ತೆಯ ಅಂಚಿನಲ್ಲಿ ಬುಟ್ಟಿ ಹೊತ್ತವರು, ಮಕ್ಕಳನ್ನು ಸೊಂಟಕ್ಕೆ ಏರಿಸಿಕೊಂಡವರು, ಕೋಲು ಊರಿದವರು ಸಾಲಾಗಿ ನಿಂತು, ನಿಂತ ಲಾರಿಗಳನ್ನು ನೋಡುತ್ತಿದ್ದರು. ಲಾರಿಯವರು ಅವರನ್ನು ನೋಡುತ್ತಿದ್ದರು. ಕನ್ನಪ್ಪ ಎಡಗೈ ಬೀಸಿದ, ಸೀಟಿ ಊದಿದ, ಕಣ್ಣು ಕೆಂಪಗೆ ಮಾಡಿದ. ಯಾರೂ ಮಿಸುಕಲಿಲ್ಲ. ಹಿಂದಿನ ಲಾರಿಯವರು ಹಾರನ್ನು ಒತ್ತತೊಡಗಿದ ಮೇಲೆ ಬೇರೆ ದಾರಿ ಕಾಣದೆ ಹಲಗೆ ತಿರುಗಿಸಿ ಅವರಿಗೆ ಹಸಿರು ಕೊಟ್ಟ. ಮೊದಲ ಲಾರಿ ಹೊರಟಿತು. ಅದು ಹೋಗುವುದನ್ನೇ ಕಾಯುತ್ತಿದ್ದ ಹಾಗೆ ಸಂತೆಯ ಜನವೆಲ್ಲ ಅದರ ಬೆನ್ನಿಗೇ, ಎರಡನೆಯ ಲಾರಿಯ ಮೂತಿಗೇ ರಸ್ತೆಗಿಳಿದರು! ಬ್ರೇಕಿನ ಕಿರುಚಾಟ, ಡ್ರೈವರುಗಳ ಬೈಗಳು, ಹೆಂಗಸರ 'ಅಯ್ಯಯ್ಯೋ'. ಇಬ್ಬರ ಬುಟ್ಟಿ ಉರುಳಿತು, ಒಬ್ಬನ ಹೆಬ್ಬೆರಳಿನ ಉಗುರು ಕಿತ್ತುಹೋಯಿತು.

ಸಂಜೆ ಹೂವಯ್ಯನವರು ಕರೆಸಿಕೊಂಡರು. "ಸಿಗ್ನಲ್ಲು ಇಲ್ದೆ ಇದ್ದಾಗ ಆರು ತಿಂಗಳಿಗೆ ಒಬ್ಬ ಬೀಳ್ತಿದ್ದ. ನೀನು ನಿಂತ ಮೇಲೆ ಒಂದೇ ದಿನಕ್ಕೆ ಮೂರು ಜನ. ನಿಂಗೇನಾದ್ರೂ ಆಸ್ಪತ್ರೆಯೋರ ಹತ್ರ ಒಪ್ಪಂದ ಇದೆಯೇನೋ?"

"ಇಲ್ಲ ಸಾರ್" ಎಂದ ಕನ್ನಪ್ಪ. ಒಪ್ಪಂದ ಮಾಡಿಕೊಳ್ಳುವಷ್ಟು ಬುದ್ಧಿ ಇದ್ದಿದ್ದರೆ ತಾನು ಡ್ರಮ್ಮಿನ ಮೇಲೆ ಯಾಕೆ ನಿಲ್ಲುತ್ತಿದ್ದೆ ಎಂದು ಮನಸ್ಸಿನಲ್ಲೇ ಹೇಳಿಕೊಂಡ.

ಜನಕ್ಕೆ ದಾಟುವ ಜಾಗ ಗೊತ್ತಾಗುತ್ತಿಲ್ಲ, ಅದೇ ತೊಂದರೆ ಎಂದು ಅವನೇ ತೀರ್ಮಾನಿಸಿದ. ತನ್ನ ಬುದ್ಧಿಯ ಮೇಲೆ ಅವನಿಗೆ ಆಗಾಗ ಇಂಥ ನಂಬಿಕೆ ಹುಟ್ಟುತ್ತಿತ್ತು. ಮುಂದಿನ ಸಂತೆಯ ಬೆಳಗ್ಗೆ ಬಕೆಟ್ಟಿನಲ್ಲಿ ಸುಣ್ಣ ಕಲಸಿ, ತೆಂಗಿನ ಸಿಪ್ಪೆಯನ್ನು ಜಜ್ಜಿ ಕುಂಚ ಮಾಡಿ, ರಸ್ತೆಯ ಈ ಅಂಚಿನಿಂದ ಆ ಅಂಚಿನವರೆಗೆ ದಪ್ಪದಪ್ಪ ಬಿಳಿ ಪಟ್ಟೆ ಎಳೆದ. ನೇಗಿಲ ಸಾಲಿನ ಹಾಗೆ ಇದೂ ಸೊಟ್ಟ ಬಂತು. ಬಂದ ಮೊದಲ ಹೆಂಗಸು ಪಟ್ಟೆಯ ಎದುರು ಗಕ್ಕನೆ ನಿಂತಳು. ಬಿಳಿ ಗೆರೆ ಎಳೆದದ್ದನ್ನು ತುಳಿಯುವುದುಂಟೇ? ರಂಗೋಲಿಯಾದರೆ ಪಾಪ, ಮಾಟವಾದರೆ ಕೇಡು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಟ್ಟೆ ತಪ್ಪಿಸಿ, ಇಪ್ಪತ್ತು ಮಾರು ದೂರ ಹೋಗಿ ತಿರುವಿನಲ್ಲಿ ದಾಟಿದಳು. ಲಾರಿಗಳು ಕಣ್ಣಿಗೆ ಬೀಳದ ಜಾಗವೆಂದರೆ ಅದೊಂದೇ. ಹಿಂದಿನವರೆಲ್ಲ ಅವಳನ್ನೇ ಹಿಂಬಾಲಿಸಿದರು. ಯಾರೋ ಪುಣ್ಯಾತ್ಮರು ಪಟ್ಟೆಯ ತುದಿಗೆ ಒಂದು ನಿಂಬೆಹಣ್ಣು ಕೊಯ್ದು ಇಟ್ಟೂ ಹೋದರು.

ಅವತ್ತು ಮಧ್ಯಾಹ್ನ ಕನ್ನಪ್ಪ ಪೊಲೀಸ್ ಲೈನಿನ ಮನೆಗೆ ಊಟಕ್ಕೆ ಬಂದಾಗ ಅವನ ಅವ್ವ ಹುಲಿಗೆಮ್ಮ ಜಗಲಿಯಲ್ಲಿ ಕೂತು ಎಲೆಯಡಿಕೆಯ ಕವಳ ಹಾಕುತ್ತಿದ್ದಳು. ಅಪ್ಪ ಭೂತಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಅವ್ವ ಊರು ಬಿಟ್ಟು ಬರಲು ಒಪ್ಪದೆ, ವರದಮೂಲದ ಆಚೆಯ ಹಳ್ಳಿಯಲ್ಲೇ ಇದ್ದಳು. ಪ್ರತಿ ಸಂತೆಗೂ ಒಂದು ಬುಟ್ಟಿ ಬಸಳೆ, ಒಂದು ಬುಟ್ಟಿ ಸೂಜಿಮೆಣಸು ಹೊತ್ತು ಬರುವಳು. ಅವನ್ನು ಮಾರಿ, ಮಂಡಕ್ಕಿ ಕೊಂಡು, ನಾಲ್ಕು ರಸ್ತೆ ಕೂಡುವಲ್ಲಿ ಜೋಗದ ರಸ್ತೆ ದಾಟಿ, ಸೊಸೆ ಶೇಷಮ್ಮನ ಕೈಯಡುಗೆ ಉಂಡು ಹೋಗುವಳು. ಸಂತೆಗೂ ಮಗನ ಮನೆಗೂ ನಡುವೆ ಇದ್ದದ್ದು ಆ ಒಂದು ರಸ್ತೆ.

"ಅವ್ವಾ, ನೀನು ಹೇಗೆ ದಾಟಿದೆ ಇವತ್ತು?"

"ಎಲ್ರೂ ದಾಟಿದ ಹಂಗೆ. ಲಾರಿ ಹೋದ್ಮೇಲೆ."

"ಲಾರಿ ನಿಂತಾಗ ಎಂತಕ್ಕೆ ದಾಟ್ಲಿಲ್ಲ? ನಿಮಗೋಸ್ಕರ ಅಲ್ದನಾ ನಾ ನಿಲ್ಸಿದ್ದು?"

ಹುಲಿಗೆಮ್ಮ ಮಗನ ಮುಖವನ್ನು ಕನಿಕರದಿಂದ ನೋಡಿದಳು. "ನಮಗೋಸ್ಕರ ಯಾರಾರ ಲಾರಿ ನಿಲ್ಸ್ತಾರನಾ ತಮ್ಮಾ? ದೊಡ್ಡೋರು ಎಲ್ಲಿಗೋ ಹೊರಟಿರ್ತಾರೆ. ಹೊರಟೋರಿಗೆ ಅಡ್ಡ ಹೋಗಬಾರ್ದು. ಅವರು ಹೋಗ್ಲಿ, ಆಮೇಲೆ ನಾವು ಹೋದ್ರಾತು. ಅದ್ರಲ್ಲೂ ನನ್ನಂಥೋಳು..." ಎಂದು ಬೋಳು ಹಣೆಯನ್ನು ಬೆರಳಿನಿಂದ ಮುಟ್ಟಿ ತೋರಿಸಿದಳು.

ಕನ್ನಪ್ಪನಿಗೆ ಆಗ ಹೊಳೆಯಿತು. ಇಡೀ ಸಂತೆ ಕಾಯುತ್ತಿದ್ದದ್ದು ಮರ್ಯಾದೆಗೆ. ಒಡೆಯರ ಅಂಗಳದಲ್ಲಿ, ಹೊರಟವರ ಎದುರಿನಿಂದ ಸರಿದು ನಿಂತು ಬೆಳೆದ ಜನ. ನಿಂತ ಗಾಡಿಯೆಂದರೆ ಹೊರಡಲಿರುವ ದೊಡ್ಡವರು. ಎದುರು ಹಾಯುವುದು ಸೊಕ್ಕು, ಅವರು ಹೋದ ಮೇಲೆ ಹೋಗುವುದು ನಡತೆ. ಕೆಂಪು ಹಲಗೆ ಅವರನ್ನು ಕಾಯಿಸುತ್ತಿತ್ತು, ಹಸಿರು ಹಲಗೆ ಅವರನ್ನು ಚಕ್ರದ ಬಾಯಿಗೆ ಕಳಿಸುತ್ತಿತ್ತು.

"ಅದೆಲ್ಲ ಹಳೇ ಕಾಲದ್ದು ಅವ್ವಾ" ಎಂದು ಕನ್ನಪ್ಪ ಎದೆ ತಟ್ಟಿಕೊಂಡ. "ಈಗ ರಸ್ತೆ ಸರ್ಕಾರದ್ದು. ಒಡೇರೂ ಇಲ್ಲ, ಒಕ್ಕಲೂ ಇಲ್ಲ. ನಾ ಕೆಂಪು ಹಿಡಿದ್ರೆ ಯಾರೇ ಬರ್ಲಿ, ಮಂತ್ರಿ ಬರ್ಲಿ, ನೀ ಅವರ ಮುಂದೇ ಅಡ್ಡ ಹಾಯಬೇಕು. ನಾ ಇಲ್ವನಾ? ಒಬ್ಬರು ಮಿಸುಕಲಿ ನೋಡೋಣ!"

"ಶಕುನ ಕೆಡ್ತದೆ ಅಂತ ಬೈದ್ರೆ?"

"ಶಕುನವೂ ಇಲ್ಲ, ಗಿಕುನವೂ ಇಲ್ಲ. ನನ್ನಾಣೆ. ನೀ ದಾಟಿದ್ರೆ ನಿನ್ನ ನೋಡಿ ಉಳಿದೋರು ದಾಟ್ತಾರೆ."

ಮಗ ಆಣೆ ಹಾಕಿದ ಮೇಲೆ ಅವ್ವನಾದರೂ ಏನು ಮಾಡಿಯಾಳು? ಹೂಂ ಎಂದಳು. ಶೇಷಮ್ಮ ಒಳಗಿನಿಂದ, "ಭಾಷಣ ಆತನಾ? ಸಾರು ಆರ್ತಾ ಇದೆ" ಎಂದಳು.

ಮುಂದಿನ ಸಂತೆ ಬಂತು. ಹನ್ನೊಂದರ ಹೊತ್ತಿಗೆ ಕನ್ನಪ್ಪ ಜೋಗದ ರಸ್ತೆಗೆ ಕೆಂಪು ಹಿಡಿದ. ಒಂದು ಲಾರಿ ಬಂದು ಎಡಕ್ಕೆ ನಿಂತಿತು. ಅಂಚಿನಲ್ಲಿ ಎಂದಿನಂತೆ ಜನ ಸಾಲುಗಟ್ಟಿದರು. ಅವರ ನಡುವಿನಿಂದ ಹುಲಿಗೆಮ್ಮ, ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಮಂಡಕ್ಕಿ, ಒಂದು ಸಲ ಮಗನ ಕಡೆ ನೋಡಿ ರಸ್ತೆಗಿಳಿದಳು. ಲಾರಿಯ ಮುಂದೆ ಹಾಯತೊಡಗಿದಳು. ಸಾಲಿನಲ್ಲಿದ್ದವರು ಬಾಯಿ ಬಿಟ್ಟುಕೊಂಡು ನೋಡಿದರು. ಕನ್ನಪ್ಪನಿಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಅದೇ ಹೊತ್ತಿಗೆ ಲಾರಿಯ ಬಲಗಡೆಯಿಂದ ಒಂದು ಕರಿ ಕಾರು ಮುಂದೆ ಬಂತು.

ಮಂಜುನಾಥಪ್ಪ ಒಡೆಯರ ಕಾರು.

ಭೂತಪ್ಪ ಜೀವಮಾನವಿಡೀ ಗೇಣಿಗೆ ಮಾಡಿದ ಗದ್ದೆ ಅವರದ್ದು. ಚಿಕ್ಕಂದಿನಲ್ಲಿ ಕನ್ನಪ್ಪ ಅಪ್ಪನ ಜೊತೆ ಅವರ ಅಂಗಳದ ಮೂಲೆಯಲ್ಲಿ ನಿಂತವನು. ಅವರು ಹೊರಗೆ ಬಂದ ಕೂಡಲೇ ಅಪ್ಪ ಇವನ ತಲೆಗೊಂದು ಮೊಟಕಿ, "ಕೈಮುಗಿಯೋ" ಎನ್ನುತ್ತಿದ್ದ. ಈಗ ಮೊಟಕಲು ಅಪ್ಪ ಇರಲಿಲ್ಲ, ಮೊಟಕುವ ಅಗತ್ಯವೂ ಇರಲಿಲ್ಲ. ಕಾರಿನ ಕಿಟಕಿಯಲ್ಲಿ ಆ ಜರಿ ರುಮಾಲು ಕಂಡಿತೋ ಇಲ್ಲವೋ, ಮೈಸೂರು ಸರ್ಕಾರದ ಸಂಬಳ ತಿನ್ನುವ, ಮಂತ್ರಿ ಬಂದರೂ ಬಿಡೆನೆಂದು ಎದೆ ತಟ್ಟಿಕೊಂಡಿದ್ದ ಆ ಗಂಡಸಿನ ಎರಡು ಉದ್ದ ಕೈಗಳು ತಾವಾಗಿಯೇ ಎದೆಯ ಮುಂದೆ ಕೂಡಿಕೊಂಡವು. ಬೆನ್ನೂ ಬಗ್ಗಿತು.

ಹಿಡಿ ಬಿಟ್ಟ ಕಂಬ ಮೆಲ್ಲಗೆ ಕಾಲು ಸುತ್ತು ತಿರುಗಿತು. ಕಾರಿನ ಡ್ರೈವರನದು ಏನೂ ತಪ್ಪಿರಲಿಲ್ಲ. ಹಸಿರು ಕಂಡಿತು, ಬಿಟ್ಟ. ಲಾರಿಯ ಮೂತಿಯ ಮರೆಯಿಂದ ಈಚೆಗೆ ಬಂದ ಹುಲಿಗೆಮ್ಮನಿಗೆ ಕಾರಿನ ಮಡ್‌ಗಾರ್ಡು ತಗುಲಿತು. ಅವಳು ಬಲಗೈ ಊರಿ ಬಿದ್ದಳು. ಮಂಡಕ್ಕಿ ರಸ್ತೆಯ ತುಂಬ ಚೆಲ್ಲಿತು. ಕನ್ನಪ್ಪ ಡ್ರಮ್ಮಿನ ಮೇಲೆ ಕೈಮುಗಿದುಕೊಂಡೇ ನಿಂತಿದ್ದ.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಿಗೆ ಬಿತ್ತಂತೆ. ಹಲ್ಲಿಯಾದರೂ ತಾನೊಂದೇ ಬಿತ್ತು. ಇವನು ಹೆತ್ತವ್ವನನ್ನು ತಳ್ಳಿದ್ದ.

ಮೂಳೆ ಕಟ್ಟುವ ವೈದ್ಯರು ಮಣಿಕಟ್ಟನ್ನು ಎಳೆದು ಕೂರಿಸಿ, ಸೊಪ್ಪಿನ ಲೇಪ ಹಾಕಿ, ಬಿದಿರ ದಬ್ಬೆ ಇಟ್ಟು ಕಟ್ಟಿದರು. ಹುಲಿಗೆಮ್ಮ ಹಲ್ಲು ಕಚ್ಚಿ ಕೂತಿದ್ದಳು, ಒಂದು ಸಲವೂ ಕೂಗಲಿಲ್ಲ. ಕನ್ನಪ್ಪ ಬಾಗಿಲ ಮೂಲೆಯಲ್ಲಿ ನಿಂತು ಅವಳು ಬೈಯಲಿ ಎಂದು ಕಾಯುತ್ತಿದ್ದ. ಮುಖಕ್ಕೆ ಉಗಿದರೂ ಆದೀತು, ಇನ್ನೊಂದು ಕೈಯಲ್ಲಿ ಎರಡು ಬಾರಿಸಿದರೂ ಆದೀತು ಎನ್ನಿಸಿತ್ತು. ಅವಳು ಉಸಿರು ಬಿಟ್ಟು ಅವನನ್ನು ಹತ್ತಿರ ಕರೆದಳು.

"ನೀ ಎಂತಕ್ಕೆ ಮುಖ ಸಣ್ಣ ಮಾಡ್ತೀಯ ತಮ್ಮಾ? ನಿಂದೇನು ತಪ್ಪು? ನನ್ನಂಥೋಳು ಅಡ್ಡ ಹೋದ್ನಲ್ಲ, ಅದ್ಕೇ ಹಿಂಗಾತು. ಒಡೇರಿಗೆ ಎಂತದೂ ಆಗ್ಲಿಲ್ಲಲ್ಲ? ಅಷ್ಟು ಸಾಕು."

ಆ ಮಾತು ಕೇಳಿ ಕನ್ನಪ್ಪನಿಗೆ ಎಷ್ಟು ನಾಚಿಕೆಯಾಯಿತೆಂದರೆ, ನೆಲ ಬಾಯಿ ಬಿಟ್ಟಿದ್ದರೆ ಡ್ರಮ್ಮು ಕಂಬ ಸಮೇತ ಇಳಿದುಬಿಡುತ್ತಿದ್ದ. ಕೈ ಮುರಿದದ್ದು ಒಂದು ತಿಂಗಳಲ್ಲಿ ಕೂಡುತ್ತದೆ. ಆದರೆ ಇನ್ನು ಸಾಯುವವರೆಗೂ ಅವ್ವ ತಾನು ಎದುರು ಬಂದದ್ದರಿಂದಲೇ ಕೇಡಾಯಿತೆಂದು ನಂಬಿಕೊಂಡಿರುತ್ತಾಳೆ. ಬರುವ ಪ್ರತಿ ಗಾಡಿಗೂ ದಾರಿ ಬಿಟ್ಟು ಅಂಚಿನಲ್ಲಿ ನಿಲ್ಲುತ್ತಾಳೆ, ಕೊನೆಗೊಂದು ದಿನ ತಪ್ಪು ಹೊತ್ತಿಗೆ ಇಳಿಯುತ್ತಾಳೆ. ಅದಕ್ಕೆಲ್ಲ ಕಾರಣ ತನ್ನ ಎರಡು ಕೈ.

ಹೂವಯ್ಯನವರು ಕಾಗದ ಪೆನ್ನು ಮುಂದಿಟ್ಟುಕೊಂಡು ಕೂತಿದ್ದರು. "ಗಾಳಿಗೆ ಹಲಗೆ ತಿರುಗ್ತು ಅಂತ ಬರೀತೀನಿ. ಮುಗೀತು."

"ಗಾಳಿ ಇರ್ಲಿಲ್ಲ ಸಾರ್. ನಾನು ಕೈಮುಗಿದೆ."

"ಯಾರಿಗೆ?"

"ಒಡೇರಿಗೆ ಸಾರ್."

ಹೂವಯ್ಯನವರು ಪೆನ್ನಿನ ಮುಚ್ಚಳ ಹಾಕಿದರು. "ಡ್ಯೂಟಿಲಿ ನಿದ್ದೆ ಹೊಡೆದೋರನ್ನ ನೋಡಿದೀನಿ. ಬೀಡಿ ಸೇದಿದೋರನ್ನ ನೋಡಿದೀನಿ. ಟ್ರಾಫಿಕ್ ನಿಲ್ಸಿ ಪೂಜೆ ಮಾಡಿದೋನನ್ನ ಇದೇ ಮೊದಲು ನೋಡ್ತಿರೋದು. ಒಂದು ಮಂಗಳಾರತಿನೂ ಎತ್ತಬೇಕಿತ್ತು. ಇನ್ನೊಂದು ಸಂತೆ ನೋಡ್ತೀನಿ ಕನ್ನಪ್ಪಾ. ಅವತ್ತೂ ಹಿಂಗೇ ಆದ್ರೆ ಆ ಕಂಬ ಕೀಳಿಸಿ ನಿನ್ನನ್ನ ನಿಟ್ಟೂರಿಗೆ ಹಾಕಿಸ್ತೀನಿ. ಅಲ್ಲಿ ಕೊಡಚಾದ್ರಿ ಕಾಣ್ತದೆ, ದಿನಾ ಕೈಮುಗಿದ್ಕೊಂಡು ನಿಂತ್ಕೋ, ಯಾರಿಗೂ ತೊಂದ್ರೆ ಇಲ್ಲ."

ಕನ್ನಪ್ಪನಿಗೆ ನಿಟ್ಟೂರಿನ ಹೆದರಿಕೆ ಇರಲಿಲ್ಲ. ಕಂಬ ಕಿತ್ತರೆ ಅವ್ವ ತಿಳಿದುಕೊಂಡದ್ದೇ ನಿಜವೆಂದು ಇಡೀ ಊರಿಗೆ ಸಾರಿದ ಹಾಗಾಗುತ್ತದೆ ಎಂಬುದೇ ಸಂಕಟ. ಇನ್ನೊಂದು ಸಂತೆಗೆ ಅವ್ವ ತಾನೇ ಇಳಿದು, ನಿಂತ ಗಾಡಿಯ ಎದುರು ಹಾದು, ಏನೂ ಕೇಡಾಗದೆ ಆಚೆ ಸೇರಬೇಕು. ಅಷ್ಟಾಗಬೇಕಾದರೆ ತಾನು ಹಿಡಿ ಬಿಡಬಾರದು. ವಾರವಿಡೀ ಮನಸ್ಸು ಗಟ್ಟಿ ಮಾಡಿಕೊಂಡ. ಹಿತ್ತಲಲ್ಲಿ ನಿಂತು, ಒನಕೆಯನ್ನು ಹಿಡಿದುಕೊಂಡು, ಎದುರಿಗೆ ಒಡೆಯರ ಕಾರು ಬಂದಿದೆಯೆಂದು ಕಲ್ಪಿಸಿಕೊಂಡು ಅಭ್ಯಾಸ ಮಾಡಿದ. ಮೂರು ಸಲ ಗಟ್ಟಿಯಾಗಿ ನಿಂತ. ನಾಲ್ಕನೆಯ ಸಲ ಕಲ್ಪನೆ ಚೆನ್ನಾಗಿ ಬಂದು ಒನಕೆ ಕಾಲಿನ ಮೇಲೆ ಬಿತ್ತು.

ಆಗ ಅವನಿಗೆ ತನ್ನ ಮೇಲಿದ್ದ ಅಷ್ಟಿಷ್ಟು ನಂಬಿಕೆಯೂ ಹೋಯಿತು. ನಂಬಿಕೆ ಹೋದ ಮೇಲೆ ಬುದ್ಧಿ ಬಂತು. ನಮಸ್ಕಾರಕ್ಕೆ ಎರಡು ಕೈ ಬೇಕು. ಒಂದನ್ನು ಕಟ್ಟಿಹಾಕಿದರೆ?

ಸಂತೆಯ ಬೆಳಗ್ಗೆ ಶೇಷಮ್ಮನನ್ನು ಡ್ರಮ್ಮಿನ ಹತ್ತಿರ ಕರೆದುಕೊಂಡು ಹೋಗಿ, ಕಾಲಿನ ಪಟ್ಟಿ ಒಂದನ್ನು ಬಿಚ್ಚಿ ಕೊಟ್ಟ. "ಈ ಕೈನ ಹಿಡಿಗೆ ಸೇರಿಸಿ ಬಿಗಿ. ಕರು ಕಟ್ಟಿದ ಹಂಗೆ ಕಟ್ಟಬೇಡ, ಹೋರಿ ಕಟ್ಟಿದ ಹಂಗೆ ಕಟ್ಟು."

"ಜನ ಎಂತ ಅಂತಾರೆ?"

"ಪೊಲೀಸನ್ನೇ ಅರೆಸ್ಟ್ ಮಾಡಿದಾರೆ ಅಂತಾರೆ. ನಿಜವೇ ಅಲ್ದನಾ? ಕಟ್ಟು."

ಶೇಷಮ್ಮ ಏಳು ಸುತ್ತು ಸುತ್ತಿ, ಅವನಿಗೆ ಕೈಗೆಟುಕದ ಕಡೆ ಗಂಟು ಹಾಕಿ, ಒಮ್ಮೆ ಎಳೆದು ನೋಡಿ, ಬಾಯಿಗೆ ಸೆರಗು ಒತ್ತಿಕೊಂಡು ಮನೆಗೆ ಹೋದಳು. ಒಂದು ಕಾಲಿಗೆ ಪಟ್ಟಿ, ಇನ್ನೊಂದು ಕಾಲು ಬರಿದು, ಬಲಗೈ ಕಂಬಕ್ಕೆ. ಕನ್ನಪ್ಪನ ಅವತಾರ ನೋಡಲಿಕ್ಕೆಂದೇ ಅವತ್ತು ಸಂತೆಗೆ ಜನ ಜಾಸ್ತಿ ಬಂದಿತ್ತು. "ಓಡಿಹೋಗ್ತಿದ್ಯನಾ ಕನ್ನಪ್ಪಾ?" ಎಂದು ಚಾಪೆ ಪುಟ್ಟಪ್ಪ ಕೋಲು ಎತ್ತಿ ಕೇಳಿದ. "ನಾನಲ್ಲ ಮಾರಾಯಾ, ಕೈ ಓಡಿಹೋಗ್ತದೆ" ಎಂದ ಕನ್ನಪ್ಪ.

ಹುಲಿಗೆಮ್ಮ ವಾರವಿಡೀ ಮಗನ ಮನೆಯಲ್ಲೇ ಇದ್ದಳು. ಊರಿನವರನ್ನು ನೋಡಬೇಕೆಂದು ಅವತ್ತು ಹೊತ್ತು ಮೂಡುವಾಗಲೇ, ಗಾಡಿಗಳು ಓಡಾಡುವ ಮುಂಚೆ, ರಸ್ತೆ ದಾಟಿ ಸಂತೆಗೆ ಹೋಗಿದ್ದಳು. ಮಧ್ಯಾಹ್ನದ ಹೊತ್ತಿಗೆ ಬಟ್ಟೆಯಲ್ಲಿ ಕೈ ತೂಗಿಸಿಕೊಂಡು ರಸ್ತೆಯ ಅಂಚಿಗೆ ಬಂದು ನಿಂತಳು. ಕನ್ನಪ್ಪ ಜೋಗದ ರಸ್ತೆಗೆ ಕೆಂಪು ಹಿಡಿದ. ಎರಡು ಲಾರಿ ನಿಂತವು. ಮೂರನೆಯದಾಗಿ, ಎಲ್ಲರಿಗಿಂತ ಮುಂದೆ ಬಂದು ನಿಂತದ್ದು ಆ ಕರಿ ಕಾರು.

ಕನ್ನಪ್ಪನ ಎಡಗೈ ಸರ್ರನೆ ಎದೆಯ ಹತ್ತಿರ ಬಂತು. ಬಲಗೈ ಹೊರಟಿತು, ಜಗ್ಗಿತು, ಪಟ್ಟಿ ಕಚ್ಚಿ ಹಿಡಿಯಿತು. ಹಲಗೆ ಅಲುಗಾಡಿತೇ ಹೊರತು ತಿರುಗಲಿಲ್ಲ. ಒಂಟಿ ಎಡಗೈ ಜೊತೆ ಸಿಗದೆ ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತಿದ್ದು ಕೆಳಗಿಳಿಯಿತು.

ಮಂಜುನಾಥಪ್ಪ ಒಡೆಯರು ಗಾಜು ಇಳಿಸಿದರು. "ಎಂತದೋ ಕನ್ನಾ ಇದು? ನನಗೆ ಹೊತ್ತಾಗ್ತಿದೆ."

"ಕೆಂಪು ಇದೆ ಒಡೇರೆ" ಎಂದ ಕನ್ನಪ್ಪ. ದನಿ ಬೆಕ್ಕಿನ ಮರಿಯ ಹಾಗೆ ಹೊರಟಿತು. "ಕೈ... ಕೈ ಕಟ್ಟಿದೆ ಒಡೇರೆ."

ಒಡೆಯರ ಕಾರೂ ನಿಂತಿತು, ಇನ್ನು ಜನ ದಾಟಬೇಕು. ಆದರೆ ಯಾರೂ ಇಳಿಯಲಿಲ್ಲ. ಕಳೆದ ವಾರ ಒಬ್ಬಳು ಇಳಿದು ಏನಾಯಿತೆಂದು ಎಲ್ಲರೂ ಕಂಡಿದ್ದರು. ಹುಲಿಗೆಮ್ಮ ಒಡೆಯರ ಮುಖ ಕಂಡವಳೇ ಎರಡು ಹೆಜ್ಜೆ ಹಿಂದೆ ಸರಿದು, ಸೆರಗನ್ನು ಹಣೆಯ ಮೇಲೆ ಎಳೆದುಕೊಂಡಳು. ಕನ್ನಪ್ಪ ಇಳಿದು ಹೋಗಿ ಅವಳ ಕೈ ಹಿಡಿದು ಕರೆತರಬಹುದಿತ್ತು, ಆದರೆ ತನ್ನನ್ನು ತಾನೇ ಕಟ್ಟಿಹಾಕಿಕೊಂಡಿದ್ದ. ಎಂಥ ಬುದ್ಧಿವಂತ! ಹಿಂದಿನ ಲಾರಿಗಳು ಹಾರನ್ನು ಒತ್ತತೊಡಗಿದವು. ಅವನು ಸೀಟಿಯನ್ನು ಉಗುಳಿ ಇಡೀ ಪೇಟೆಗೆ ಕೇಳುವಂತೆ ಕೂಗಿದ.

"ಅವ್ವಾ, ಅಡ್ಡ ಬಾರೇ!"

ಅವಳು ತಲೆ ಅಲ್ಲಾಡಿಸಿದಳು.

"ನಿನ್ನ ಕೈ ಮುರಿದಿದ್ದು ನಾನು ಅವ್ವಾ! ನಿನ್ನ ಶಕುನ ಅಲ್ಲ! ನಾ ಕೈಮುಗಿದೆ, ಹಲಗೆ ತಿರುಗ್ತು, ಅಷ್ಟೇ! ಇಷ್ಟು ಜನದ ಮುಂದೆ ಹೇಳ್ತಾ ಇದೀನಿ! ನಾನು ಹುಟ್ಟಿದಾಗ ಮೊದ್ಲು ಕಂಡಿದ್ದು ನಿನ್ನ ಮುಖ, ಅದಕ್ಕಿಂತ ಒಳ್ಳೇ ಶಕುನ ನಂಗೆ ಯಾವ್ದಿದೆ? ಬಾ ಅವ್ವಾ, ನಂಗೆ ಅಡ್ಡ ಬಾ!"

ಹಾರನ್ನುಗಳು ನಿಂತವು. ಹುಲಿಗೆಮ್ಮ ಸೆರಗು ಸರಿಸಿ ಮಗನನ್ನು ನೋಡಿದಳು. ಆ ಕಟ್ಟಿದ ಕೈ, ಆ ಪಟ್ಟಿ ಬಿಚ್ಚಿದ ಕಾಲು, ಅಳುತ್ತಿದ್ದ ಆ ದೊಡ್ಡ ಮುಖ. ಅವಳು ರಸ್ತೆಗಿಳಿದಳು. ಕಾರಿನ ಎದುರಿಗೆ ಬಂದಾಗ ಅವಳ ಹೆಜ್ಜೆ ಒಂದು ಕ್ಷಣ ತಡೆಯಿತು. ಒಡೆಯರ ಕಡೆ ತಿರುಗಲಿಲ್ಲ, ನಡೆದಳು. ಆಚೆ ಸೇರಿದಳು.

ಸೇರಿದವಳು ಮನೆಯ ದಾರಿ ಹಿಡಿಯಲಿಲ್ಲ. ತಿರುಗಿ ನೋಡಿದಳು. ಎದುರು ಅಂಚಿನಲ್ಲಿ, ಜನರಿಂದಲೂ ನಾಲ್ಕು ಮಾರು ದೂರ, ಮೇಲಿನ ಕೇರಿಯ ಯಮುನಮ್ಮ ಮಡಿಯ ಕೆಂಪು ಸೀರೆ ತಲೆತುಂಬ ಹೊದ್ದು ನಿಂತಿದ್ದಳು. ಹದಿನಾರಕ್ಕೇ ಗಂಡನನ್ನು ಕಳೆದುಕೊಂಡವಳು. ಮದುವೆಗೆ ಹೊರಟವರು ಅವಳು ಎದುರಾದರೆ ಮನೆಗೆ ಹಿಂದಿರುಗಿ, ಕೂತು ನೀರು ಕುಡಿದು ಮತ್ತೆ ಹೊರಡುತ್ತಿದ್ದರು. ಅವಳು ಯಾವ ಗಾಡಿಯ ಎದುರೂ ಹಾದವಳಲ್ಲ, ನಿಂತಿರಲಿ, ಓಡುತ್ತಿರಲಿ. ಹುಲಿಗೆಮ್ಮ ಬಂದ ದಾರಿಯಲ್ಲೇ ವಾಪಸು ಹೊರಟಳು. ಮತ್ತೆ ಕಾರಿನ ಎದುರು ಹಾದಳು, ಈ ಸಲ ನಿಧಾನಕ್ಕೆ. ಯಮುನಮ್ಮನ ಮುಂದೆ ನಿಂತು, "ಬನ್ನಿ ಅಮ್ಮಾ, ನನ್ನ ಮಗ ಹಿಡ್ಕಂಡಿದಾನೆ" ಎಂದಳು.

ಯಮುನಮ್ಮ ರಸ್ತೆಗಿಳಿದಳು. ಇಬ್ಬರೂ ಅಕ್ಕಪಕ್ಕ ನಡೆದರು. ಅವರ ಹಿಂದೆ ಪುಟ್ಟಪ್ಪನ ಕೋಲಿನ ಸದ್ದು ಕೇಳಿತು, ಅವನ ಹಿಂದೆ ಬುಟ್ಟಿಯವರು, ಮಕ್ಕಳವರು. ಒಡೆಯರ ಡ್ರೈವರು ಎಂಜಿನ್ನು ನಿಲ್ಲಿಸಿದ. ಕನ್ನಪ್ಪನ ಮೂಗು ಸೋರುತ್ತಿತ್ತು. ಎಡಗೈಯಲ್ಲಿ ಒರೆಸಿಕೊಳ್ಳುವುದೂ ಮರೆತುಹೋಗಿ, ಮಗುವಿನ ಹಾಗೆ ನಿಂತಿದ್ದ.

ಡ್ರಮ್ಮಿನ ಪಕ್ಕ ಹಾಯುವಾಗ ಹುಲಿಗೆಮ್ಮ ತಲೆಯೆತ್ತಿ ಅವನನ್ನು ನೋಡಿದಳು.

"ಗಟ್ಟಿ ಹಿಡ್ಕ ತಮ್ಮಾ" ಎಂದಳು. "ಇನ್ನೂ ಜನ ಇದಾರೆ."